ಓಡುವುದು ಇಪ್ಪತ್ತು ದಿನ, ನಿಲ್ಲುವುದು ವರ್ಷಪೂರ್ತಿ: ಅಮೆರಿಕದಲ್ಲಿ ಆರ್‌ವಿ ನಿಲುಗಡೆಯ ಖರ್ಚುವೆಚ್ಚ

ಅಡುಗೆಮನೆ, ಹಾಸಿಗೆ, ಶೌಚಾಲಯ, ನೀರಿನ ತೊಟ್ಟಿ ಎಲ್ಲವನ್ನೂ ಹೊತ್ತು ಹೆದ್ದಾರಿಯಲ್ಲಿ ಸಾಗುವ ಮನೆಯೇ ಆರ್‌ವಿ. ಭಾರತದಲ್ಲಿ ಕ್ಯಾರವಾನ್ ಎಂದು ಕರೆಯುವ ಈ ವಾಹನ ಅಮೆರಿಕದ ಮಧ್ಯಮ ವರ್ಗದ ಹಳೆಯ ಕನಸು. ಆರ್‌ವಿ ತಯಾರಕರ ಸಂಘದ ಅಂಕಿಅಂಶದಂತೆ 2021ರಲ್ಲಿ 6 ಲಕ್ಷಕ್ಕೂ ಹೆಚ್ಚು ಹೊಸ ಆರ್‌ವಿಗಳು ಕಾರ್ಖಾನೆಗಳಿಂದ ಹೊರಬಂದವು. ಕೋವಿಡ್ ಕಾಲದಲ್ಲಿ ವಿಮಾನ ಮತ್ತು ಹೋಟೆಲುಗಳಿಂದ ದೂರ ಉಳಿಯಬಯಸಿದ ಕುಟುಂಬಗಳು ಈ ವಾಹನಗಳಿಗೆ ಮುಗಿಬಿದ್ದುದೇ ಅದಕ್ಕೆ ಕಾರಣ. ಎರಡೇ ವರ್ಷಗಳಲ್ಲಿ ಆ ಭರಾಟೆ ಇಳಿಯಿತು. 2023ರಲ್ಲಿ ಹೊರಬಂದ ವಾಹನಗಳ ಸಂಖ್ಯೆ ಸುಮಾರು 3.13 ಲಕ್ಷ ಮಾತ್ರ.

ಕೊಂಡ ವಾಹನಗಳು ಈಗ ಎಲ್ಲಿವೆ ಎಂಬ ಪ್ರಶ್ನೆಗೆ ಉತ್ತರ ಸರಳ. ಅವುಗಳಲ್ಲಿ ಬಹುಪಾಲು ಎಲ್ಲೋ ಒಂದು ಕಡೆ ನಿಂತಿವೆ. ಇದೇ ಉದ್ಯಮದ 2021ರ ಸಮೀಕ್ಷೆಯಂತೆ ಸಾಮಾನ್ಯ ಆರ್‌ವಿ ಮಾಲೀಕರು ತಮ್ಮ ವಾಹನವನ್ನು ಬಳಸುತ್ತಿದ್ದುದು ವರ್ಷಕ್ಕೆ ಸುಮಾರು 20 ದಿನ. ಉಳಿದ 345 ದಿನ ಅದನ್ನು ಎಲ್ಲಿ ನಿಲ್ಲಿಸಬೇಕು, ಹೇಗೆ ಕಾಪಾಡಬೇಕು, ಅದಕ್ಕೆ ಎಷ್ಟು ತೆರಬೇಕು ಎಂಬುದು ಖರೀದಿಯ ಉತ್ಸಾಹದಲ್ಲಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೂ ಈ ಪ್ರಶ್ನೆ ಹೊಸದೇನಲ್ಲ. ರಜೆಯಲ್ಲಿ ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ಸುತ್ತಲು ಕೊಂಡ ವಾಹನವನ್ನು, ಊರಿಗೆ ಹೋಗಿ ಬರುವ ತಿಂಗಳುಗಳಲ್ಲಿ ಯಾರ ಕಾವಲಿನಲ್ಲಿ ಬಿಡಬೇಕು ಎಂಬ ಚಿಂತೆ ಅವರದೂ ಹೌದು.

ವಾಹನದ ಅಳತೆಯೇ ಮೊದಲ ಲೆಕ್ಕ

ನಿಲುಗಡೆಯ ಬಾಡಿಗೆ ನಿರ್ಧಾರವಾಗುವುದು ಮುಖ್ಯವಾಗಿ ವಾಹನದ ಉದ್ದದಿಂದ. ಆರ್‌ವಿಗಳಲ್ಲಿ ಎರಡು ಬಗೆ. ತನ್ನದೇ ಎಂಜಿನ್ ಹೊಂದಿರುವ ಮೋಟಾರು ಮನೆ ಒಂದು, ಟ್ರಕ್ ಅಥವಾ ದೊಡ್ಡ ಕಾರು ಎಳೆದೊಯ್ಯುವ ಟ್ರೇಲರ್ ಇನ್ನೊಂದು. ಮೋಟಾರು ಮನೆಗಳಲ್ಲಿ 'ಎ' ವರ್ಗದವು ಬಸ್ಸಿನಷ್ಟು ದೊಡ್ಡವು. 'ಬಿ' ವರ್ಗದವು ವ್ಯಾನಿನ ಗಾತ್ರದವು. ಚಾಲಕನ ತಲೆಯ ಮೇಲೆ ಚಾಚಿಕೊಂಡ ಹಾಸಿಗೆಯುಳ್ಳ 'ಸಿ' ವರ್ಗದವು ಇವೆರಡರ ನಡುವಿನವು. ಚಿಕ್ಕ ವ್ಯಾನ್ ಸುಮಾರು 20 ಅಡಿ ಉದ್ದವಿದ್ದರೆ ದೊಡ್ಡ 'ಎ' ವರ್ಗದ ವಾಹನ 45 ಅಡಿಯವರೆಗೂ ಇರುತ್ತದೆ. ಅಗಲ ಎಂಟೂವರೆ ಅಡಿಯವರೆಗೆ, ಎತ್ತರ ಮೇಲಿನ ಹವಾನಿಯಂತ್ರಕವೂ ಸೇರಿ ಹಲವು ವಾಹನಗಳಲ್ಲಿ 12ರಿಂದ 13 ಅಡಿ.

ಸಾಮಾನ್ಯ ಮನೆಯ ಕಾರು ಗ್ಯಾರೇಜಿನ ಬಾಗಿಲು 7 ಅಥವಾ 8 ಅಡಿ ಎತ್ತರವಿರುತ್ತದೆ. ಆದುದರಿಂದ ಚಿಕ್ಕ ವ್ಯಾನುಗಳೂ ಬಹುತೇಕ ಗ್ಯಾರೇಜುಗಳೊಳಗೆ ಹೋಗಲಾರವು. ಬಾಡಿಗೆಯ ನಿಲುಗಡೆ ತಾಣಗಳಲ್ಲಿ 10 ಅಡಿ ಅಗಲ 30 ಅಡಿ ಉದ್ದ, 12 ಅಡಿ ಅಗಲ 40 ಅಡಿ ಉದ್ದ, 12 ಅಡಿ ಅಗಲ 50 ಅಡಿ ಉದ್ದದ ಜಾಗಗಳು ಸಾಮಾನ್ಯ. ಇಲ್ಲಿ ಮಾಲೀಕರು ಮಾಡುವ ತಪ್ಪೊಂದಿದೆ. ವಾಹನದ ಮಾದರಿಯ ಹೆಸರಿನಲ್ಲಿರುವ ಸಂಖ್ಯೆಯನ್ನೇ ಉದ್ದವೆಂದು ಭಾವಿಸಿ ಜಾಗ ಕಾಯ್ದಿರಿಸುತ್ತಾರೆ. ಟ್ರೇಲರಿನ ಮುಂದಿನ ಕೊಂಡಿ, ಹಿಂದಿನ ಏಣಿ, ಸೈಕಲ್ ಚೌಕಟ್ಟು ಇವೆಲ್ಲ ಸೇರಿದರೆ ಉದ್ದ ಮೂರು-ನಾಲ್ಕು ಅಡಿ ಹೆಚ್ಚಬಹುದು. ಅಳತೆ ಪಟ್ಟಿ ಹಿಡಿದು ತುದಿಯಿಂದ ತುದಿಗೆ ಅಳೆದ ನಂತರವೇ ಒಪ್ಪಂದಕ್ಕೆ ಸಹಿ ಹಾಕುವುದು ಕ್ಷೇಮ.

ಮನೆಯಂಗಳ: ಅಗ್ಗ, ಆದರೆ ನಿಯಮಗಳ ಕಾಟ

ಬಾಡಿಗೆಯಿಲ್ಲದ ಜಾಗ ಎಂದರೆ ಸ್ವಂತ ಮನೆಯ ಅಂಗಳ. ವಾಹನ ಕಣ್ಣೆದುರು ಇರುತ್ತದೆ, ಮನೆಯ ವಿದ್ಯುತ್ತಿನಿಂದ ಬ್ಯಾಟರಿಗೆ ಚಾರ್ಜ್ ಕೊಡಬಹುದು, ಪ್ರವಾಸದ ಹಿಂದಿನ ದಿನ ಸಾಮಾನು ತುಂಬುವುದೂ ಸುಲಭ. ಆದರೆ ಅಮೆರಿಕದಲ್ಲಿ ಮನೆ ಸ್ವಂತದ್ದಾದ ಮಾತ್ರಕ್ಕೆ ಅಂಗಳದಲ್ಲಿ ಏನು ಬೇಕಾದರೂ ನಿಲ್ಲಿಸಬಹುದು ಎಂದಲ್ಲ. ಹೊಸ ಬಡಾವಣೆಗಳಲ್ಲಿ ಮನೆ ಮಾಲೀಕರ ಸಂಘಗಳು ಇರುತ್ತವೆ. ಮನೆ ಕೊಳ್ಳುವಾಗಲೇ ಖರೀದಿದಾರರು ಸಂಘದ ಕರಾರುಗಳಿಗೆ ಒಪ್ಪಿರುತ್ತಾರೆ. ಆರ್‌ವಿಯನ್ನು ಬೀದಿಗೆ ಕಾಣುವಂತೆ ನಿಲ್ಲಿಸಕೂಡದು, ಪ್ರವಾಸಕ್ಕೆ ಸಿದ್ಧಪಡಿಸಲು ಒಂದೆರಡು ದಿನ ಮಾತ್ರ ಅವಕಾಶ ಎಂಬಂಥ ಷರತ್ತುಗಳು ಅವುಗಳಲ್ಲಿ ಸಾಮಾನ್ಯ. ಮೀರಿದವರಿಗೆ ದಂಡ ಬೀಳುತ್ತದೆ.

ಸಂಘವಿಲ್ಲದ ಕಡೆಯೂ ನಗರಾಡಳಿತದ ನಿಯಮಗಳಿವೆ. ಮನೆಯ ಮುಂಭಾಗದಲ್ಲಿ ನಿಲ್ಲಿಸಬಾರದು, ಪಕ್ಕದಲ್ಲಿ ಬೇಲಿಯ ಮರೆಯಲ್ಲಿ ನಿಲ್ಲಿಸಬೇಕು, ಕೆಳಗೆ ಕಾಂಕ್ರೀಟ್ ಅಥವಾ ಜಲ್ಲಿಯ ನೆಲವಿರಬೇಕು ಎಂದು ಹಲವು ನಗರಗಳು ವಿಧಿಸುತ್ತವೆ. ರಸ್ತೆಬದಿ ನಿಲುಗಡೆಗಂತೂ ಕಾಲಮಿತಿ ಇದೆ. ಕ್ಯಾಲಿಫೋರ್ನಿಯದ ಅನೇಕ ನಗರಗಳಲ್ಲಿ ಒಂದೇ ಜಾಗದಲ್ಲಿ 72 ಗಂಟೆ ಮೀರಿ ನಿಂತ ವಾಹನವನ್ನು ಎಳೆದೊಯ್ಯಬಹುದು. ದೊಡ್ಡ ವಾಹನಗಳಿಗೆ ರಾತ್ರಿ ನಿಲುಗಡೆಯನ್ನೇ ನಿಷೇಧಿಸಿದ ಬೀದಿಗಳೂ ಇವೆ. ವಾಹನ ಕೊಳ್ಳುವ ಮೊದಲು ಈ ನಿಯಮಗಳನ್ನು ಓದದವರು, ಕೊಂಡ ತಿಂಗಳೊಳಗೆ ಬಾಡಿಗೆ ಜಾಗ ಹುಡುಕಿಕೊಂಡು ಅಲೆಯಬೇಕಾಗುತ್ತದೆ.

ಬಾಡಿಗೆ ತಾಣಗಳಲ್ಲಿ ಮೂರು ದರ್ಜೆ

ಮೊದಲನೆಯದು ಬಯಲು ಅಂಗಳ. ಸುತ್ತ ಬೇಲಿ, ಸಂಕೇತಸಂಖ್ಯೆ ಒತ್ತಿದರೆ ತೆರೆಯುವ ಗೇಟು, ಕ್ಯಾಮೆರಾ ಕಾವಲು ಇರುತ್ತದೆ. ಮೇಲೆ ಆಕಾಶವೇ ಚಾವಣಿ. ಸಣ್ಣ ಊರುಗಳಲ್ಲಿ ತಿಂಗಳಿಗೆ 50ರಿಂದ 100 ಡಾಲರಿಗೆ ಇಂಥ ಜಾಗ ದೊರೆಯುವುದುಂಟು. ಮಹಾನಗರಗಳ ಸಮೀಪ 150ರಿಂದ 200 ಡಾಲರ್, ಭೂಮಿಗೆ ಚಿನ್ನದ ಬೆಲೆ ಇರುವ ಕ್ಯಾಲಿಫೋರ್ನಿಯದ ಕರಾವಳಿಯಂಥ ಕಡೆ ಅದಕ್ಕೂ ಹೆಚ್ಚು.

ಎರಡನೆಯದು ಮಾಡು ಹೊದಿಸಿದ ಜಾಗ. ಕಂಬಗಳ ಮೇಲೆ ಲೋಹದ ಚಾವಣಿ ಇರುತ್ತದೆ, ಬದಿಗಳು ತೆರೆದಿರುತ್ತವೆ. ಬಿಸಿಲು, ಆಲಿಕಲ್ಲು, ಹಿಮಗಳಿಂದ ವಾಹನದ ನೆತ್ತಿಗೆ ರಕ್ಷಣೆ ಸಿಗುತ್ತದೆ. ಬಾಡಿಗೆ ಸ್ಥೂಲವಾಗಿ ತಿಂಗಳಿಗೆ 100ರಿಂದ 250 ಡಾಲರ್.

ಮೂರನೆಯದು ನಾಲ್ಕು ಗೋಡೆಯ ಮುಚ್ಚಿದ ಕೋಣೆ. ಪ್ರತ್ಯೇಕ ಬಾಗಿಲು, ಬೀಗ, ಕೆಲವೆಡೆ ವಿದ್ಯುತ್ ಸಂಪರ್ಕವೂ ಉಂಟು. ತಿಂಗಳಿಗೆ 200ರಿಂದ 500 ಡಾಲರಿನವರೆಗೆ ಬಾಡಿಗೆ ಇದ್ದು, ಉಷ್ಣತೆ ಮತ್ತು ತೇವಾಂಶವನ್ನು ಹತೋಟಿಯಲ್ಲಿಡುವ ಕಟ್ಟಡಗಳಲ್ಲಿ ಇನ್ನೂ ಏರುತ್ತದೆ. ದುಬಾರಿ ಮೋಟಾರು ಮನೆಗಳ ಮಾಲೀಕರು ಸಾಮಾನ್ಯವಾಗಿ ಇದನ್ನು ಆಯ್ದುಕೊಳ್ಳುತ್ತಾರೆ.

ಈ ದರಗಳು ಊರಿನಿಂದ ಊರಿಗೆ ಬದಲಾಗುತ್ತವೆ. ನಗರದಿಂದ ಅರ್ಧ ಗಂಟೆ ದೂರ ಹೋದರೆ ಬಾಡಿಗೆ ಗಣನೀಯವಾಗಿ ಇಳಿಯುವುದೂ ಉಂಟು. ಆದರೆ ಪ್ರತಿ ಪ್ರವಾಸಕ್ಕೂ ಅಷ್ಟು ದೂರ ಹೋಗಿ ವಾಹನ ತರಬೇಕು, ಮರಳಿ ಬಿಡಬೇಕು. ಆ ಇಂಧನ ಮತ್ತು ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಜಾತ್ರೆಯ ಮೈದಾನ, ರೈತರ ಕೊಟ್ಟಿಗೆ

ಇವಲ್ಲದೆ ಇನ್ನೂ ಕೆಲವು ದಾರಿಗಳಿವೆ. ವಿಸ್ಕಾನ್ಸಿನ್, ಮಿಷಿಗನ್‌ನಂಥ ಉತ್ತರದ ರಾಜ್ಯಗಳಲ್ಲಿ ಜಿಲ್ಲಾ ಜಾತ್ರೆಗಳ ಮೈದಾನಗಳಿವೆ. ಬೇಸಿಗೆಯಲ್ಲಿ ದನಕರುಗಳ ಪ್ರದರ್ಶನ ನಡೆಯುವ ಅಲ್ಲಿನ ದೊಡ್ಡ ಕಟ್ಟಡಗಳು ಚಳಿಗಾಲದಲ್ಲಿ ಖಾಲಿ. ಹಲವು ಮೈದಾನಗಳು ಆ ಕಟ್ಟಡಗಳನ್ನು ದೋಣಿ ಮತ್ತು ಆರ್‌ವಿಗಳ ದಾಸ್ತಾನಿಗೆ ಬಾಡಿಗೆಗೆ ಕೊಡುತ್ತವೆ. ದರ ತಿಂಗಳ ಲೆಕ್ಕದ್ದಲ್ಲ, ಇಡೀ ಋತುವಿಗೆ ಅಡಿಗಿಷ್ಟು ಎಂಬ ಲೆಕ್ಕದ್ದು. ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಒಳಗೆ ಬಿಟ್ಟರೆ ಏಪ್ರಿಲಿನಲ್ಲಿ ಹೊರಗೆ. ವಾಹನಗಳನ್ನು ಒಂದರ ಹಿಂದೊಂದು ಒತ್ತೊತ್ತಾಗಿ ನಿಲ್ಲಿಸುವುದರಿಂದ ನಡುವೆ ಬೇಕೆಂದರೂ ತೆಗೆಯಲಾಗದು. ಚಳಿಗಾಲದಲ್ಲಿ ಪ್ರವಾಸ ಮಾಡದವರಿಗೆ ಇದು ಮುಚ್ಚಿದ ಜಾಗದ ರಕ್ಷಣೆಯನ್ನು ಕಡಿಮೆ ಬೆಲೆಗೆ ಒದಗಿಸುವ ವ್ಯವಸ್ಥೆ.

ರೈತರೂ ತಮ್ಮ ಖಾಲಿ ಕೊಟ್ಟಿಗೆಗಳನ್ನು ಹೀಗೆಯೇ ಕೊಡುತ್ತಾರೆ. ಖಾಲಿ ಜಾಗವುಳ್ಳವರನ್ನೂ ಜಾಗ ಬೇಕಾದವರನ್ನೂ ಅಂತರ್ಜಾಲದಲ್ಲಿ ಬೆಸೆಯುವ ಸಂಸ್ಥೆಗಳು ಹುಟ್ಟಿಕೊಂಡಿವೆ. ಯೂಟಾ ರಾಜ್ಯದಲ್ಲಿ 2017ರಲ್ಲಿ ಆರಂಭವಾದ 'ನೇಬರ್' ಅವುಗಳಲ್ಲೊಂದು. ಇಲ್ಲಿ ಬಾಡಿಗೆ ಕಡಿಮೆಯಿದ್ದರೂ ಕಾವಲು, ವಿಮೆ, ಬೇಕಾದಾಗ ಒಳಹೋಗುವ ಅವಕಾಶ ಇವು ಒಬ್ಬೊಬ್ಬ ಮಾಲೀಕನ ಬಳಿ ಒಂದೊಂದು ರೀತಿ. ಜಾಗವನ್ನು ಕಣ್ಣಾರೆ ನೋಡದೆ ಒಪ್ಪುವುದು ತರವಲ್ಲ.

ನಿಂತ ವಾಹನವೇ ಬೇಗ ಹಾಳಾಗುತ್ತದೆ

ಬಾಡಿಗೆ ಕೊಟ್ಟ ಮಾತ್ರಕ್ಕೆ ವಾಹನ ಸುರಕ್ಷಿತವೆಂದು ತಿಳಿಯುವಂತಿಲ್ಲ. ಆರ್‌ವಿಗೆ ಮುಖ್ಯ ಶತ್ರು ನೀರು. ಹೆಪ್ಪುಗಟ್ಟುವಾಗ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಕೊಳವೆ, ನಲ್ಲಿ, ಪಂಪು, ಬಿಸಿನೀರಿನ ತೊಟ್ಟಿಗಳಲ್ಲಿ ಉಳಿದ ನೀರು ಒಂದೇ ರಾತ್ರಿಯ ಕಡುಚಳಿಗೆ ಅವನ್ನು ಸೀಳಬಲ್ಲದು. ಹಾನಿ ಗೊತ್ತಾಗುವುದು ವಸಂತದಲ್ಲಿ, ನೀರು ತುಂಬಿದಾಗ ಗೋಡೆಯೊಳಗಿಂದ ಸೋರಲಾರಂಭಿಸಿದ ಮೇಲೆ.

ಆದುದರಿಂದ ಚಳಿಗೆ ಮುನ್ನ ಎಲ್ಲ ತೊಟ್ಟಿಗಳನ್ನು ಬರಿದು ಮಾಡಿ, ಕೊಳವೆಗಳಿಗೆ ಗುಲಾಬಿ ಬಣ್ಣದ ಹೆಪ್ಪುನಿರೋಧಕ ದ್ರವವನ್ನು ಹರಿಸಲಾಗುತ್ತದೆ. ಪ್ರೊಪಿಲೀನ್ ಗ್ಲೈಕಾಲ್ ಆಧಾರಿತ ಈ ದ್ರವ ಕುಡಿಯುವ ನೀರಿನ ಕೊಳವೆಗಳಿಗೆಂದೇ ತಯಾರಾದುದು. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷಕಾರಿ. ಅದನ್ನು ಎಂದಿಗೂ ಇಲ್ಲಿ ಬಳಸಬಾರದು. ಬಿಸಿನೀರಿನ ತೊಟ್ಟಿಯನ್ನು ಬೇರ್ಪಡಿಸುವ ಕವಾಟವನ್ನು ತಿರುಗಿಸದಿದ್ದರೆ 6 ಅಥವಾ 10 ಗ್ಯಾಲನ್ ದ್ರವ ವ್ಯರ್ಥವಾಗಿ ಅದರೊಳಗೇ ತುಂಬಿಕೊಳ್ಳುತ್ತದೆ. ಸ್ವತಃ ಮಾಡಿಕೊಂಡರೆ ಕೆಲವೇ ಹತ್ತು ಡಾಲರುಗಳ ಖರ್ಚು, ದುರಸ್ತಿ ಅಂಗಡಿಯಲ್ಲಿ ಮಾಡಿಸಿದರೆ ನೂರು ಡಾಲರಿಗೂ ಮೇಲೆ.

ಎರಡನೆಯ ಶತ್ರು ಚಾವಣಿಯ ಬಿರುಕು. ಹೆಚ್ಚಿನ ಆರ್‌ವಿಗಳ ಚಾವಣಿ ರಬ್ಬರಿನಂಥ ಹಾಳೆಯಿಂದ ಆವೃತವಾಗಿರುತ್ತದೆ. ಗಾಳಿಕಿಂಡಿ, ಅಂಚುಗಳ ಸುತ್ತಲಿನ ಮೇಣದಂಥ ಬೆಸುಗೆ ಬಿಸಿಲಿಗೆ ಒಣಗಿ ಸೀಳುತ್ತದೆ. ಒಳನುಗ್ಗಿದ ಮಳೆನೀರು ಮರದ ಚೌಕಟ್ಟನ್ನು ಕೊಳೆಸಿ, ಗೋಡೆಯ ಪದರಗಳನ್ನು ಬಿಡಿಸುತ್ತದೆ. ಈ ದುರಸ್ತಿ ಸಾವಿರಾರು ಡಾಲರಿನ ಬಾಬತ್ತು. ನಿಧಾನವಾಗಿ ಆಗುವ ಈ ಹಾನಿಯನ್ನು ವಿಮಾ ಕಂಪನಿಗಳು ಸಾಮಾನ್ಯವಾಗಿ ನಿರ್ವಹಣೆಯ ಲೋಪವೆಂದು ಪರಿಗಣಿಸಿ ಪರಿಹಾರ ನಿರಾಕರಿಸುತ್ತವೆ. ಬಯಲಿನಲ್ಲಿ ನಿಲ್ಲಿಸುವವರು ಗಾಳಿಯಾಡುವ ಬಟ್ಟೆಯ ಹೊದಿಕೆ ಬಳಸುವುದು ಒಳ್ಳೆಯದು. ಅಗ್ಗದ ಪ್ಲಾಸ್ಟಿಕ್ ಟಾರ್ಪಾಲು ತೇವವನ್ನು ಒಳಗೇ ಹಿಡಿದಿಟ್ಟು ಬೂಷ್ಟು ಬೆಳೆಸುತ್ತದೆ, ಗಾಳಿಗೆ ಬಡಿದು ಬಣ್ಣವನ್ನೂ ಕೆರೆಯುತ್ತದೆ.

ಬ್ಯಾಟರಿ ವಿಷಯದಲ್ಲೂ ಎಚ್ಚರ ಬೇಕು. ಎಲ್ಲ ದೀಪ ಆರಿಸಿದರೂ ಅನಿಲ ಸೋರಿಕೆ ಸೂಚಕದಂಥ ಸಾಧನಗಳು ಸದಾ ಸ್ವಲ್ಪ ವಿದ್ಯುತ್ ಹೀರುತ್ತಿರುತ್ತವೆ. ಪೂರ್ಣ ಚಾರ್ಜ್ ಇರುವ ಸೀಸ-ಆಮ್ಲ ಬ್ಯಾಟರಿ ಘೋರ ಚಳಿಯನ್ನೂ ತಾಳುತ್ತದೆ. ಬರಿದಾದ ಬ್ಯಾಟರಿಯ ದ್ರವವಾದರೋ ಸಾಧಾರಣ ಚಳಿಗೇ ಹೆಪ್ಪುಗಟ್ಟಿ ಪೆಟ್ಟಿಗೆಯನ್ನು ಒಡೆಯುತ್ತದೆ. ಲಿಥಿಯಂ ಬ್ಯಾಟರಿಯ ಸ್ವಭಾವವೇ ಬೇರೆ. ಅದನ್ನು ಅರೆ ಚಾರ್ಜಿನಲ್ಲಿ ಇರಿಸಬಹುದು, ಆದರೆ ಶೂನ್ಯ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಬಾರದು.

ಟೈರುಗಳು ಸವೆಯುವುದಕ್ಕಿಂತ ಮೊದಲೇ ಮುಪ್ಪಾಗುತ್ತವೆ. ಪಕ್ಕದಲ್ಲಿ ಅಚ್ಚಾದ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದ ಟೈರು ಎಂದರ್ಥ. ಮೇಲ್ಮೈ ಹೊಸದರಂತೆ ಕಂಡರೂ ಐದಾರು ವರ್ಷ ಮೀರಿದ ಟೈರನ್ನು ತಜ್ಞರಿಂದ ಪರೀಕ್ಷಿಸಿಕೊಳ್ಳದೆ ಹೆದ್ದಾರಿಗೆ ಇಳಿಸುವುದು ಅಪಾಯ. ಅರಿಜೋನದ ಬಿಸಿಲಿನಂಥ ಕಡೆ ಟೈರುಗಳಿಗೆ ಬಿಳಿ ಹೊದಿಕೆ ತೊಡಿಸುವುದು ಅದೇ ಕಾರಣಕ್ಕೆ.

ಇಲಿಗಳ ಉಪದ್ರವವೂ ಸಣ್ಣದಲ್ಲ. ಬೆರಳು ತೂರುವಷ್ಟು ಸಂದಿಯಿದ್ದರೂ ಅವು ಒಳಸೇರಿ ತಂತಿಗಳನ್ನು ಕಡಿಯುತ್ತವೆ. ಅಡಿಭಾಗದ ಸಂದಿಗಳನ್ನು ಉಕ್ಕಿನ ನಾರಿನಿಂದ ಮುಚ್ಚುವುದು, ಒಂದು ಕಾಳು ಧಾನ್ಯವನ್ನೂ ಒಳಗೆ ಉಳಿಸದಿರುವುದು, ಫ್ರಿಜ್ಜನ್ನು ಖಾಲಿ ಮಾಡಿ ಬಾಗಿಲು ತೆರೆದಿಡುವುದು, ಅಡುಗೆ ಅನಿಲದ ಕವಾಟ ಮುಚ್ಚುವುದು ಇವು ನಿಲ್ಲಿಸುವ ದಿನದ ಕಡ್ಡಾಯ ಕೆಲಸಗಳು.

ಒಪ್ಪಂದದ ಸಣ್ಣ ಅಕ್ಷರಗಳು

ನಿಲುಗಡೆ ತಾಣಗಳ ಒಪ್ಪಂದ ಪತ್ರದಲ್ಲಿ ಬಹುತೇಕ ಒಂದೇ ಮಾತು ಇರುತ್ತದೆ: ಬಾಡಿಗೆ ಜಾಗಕ್ಕೆ ಮಾತ್ರ, ವಾಹನಕ್ಕೆ ಜವಾಬ್ದಾರಿ ಇಲ್ಲ. ಕಳವು, ಬೆಂಕಿ, ಆಲಿಕಲ್ಲು ಯಾವುದರಿಂದ ಹಾನಿಯಾದರೂ ನಷ್ಟ ತುಂಬಬೇಕಾದುದು ಮಾಲೀಕರ ವಿಮೆಯೇ. ವಾಹನ ಓಡದ ತಿಂಗಳುಗಳಲ್ಲಿ ಅಪಘಾತದ ಭಾಗವನ್ನು ಕೈಬಿಟ್ಟು, ಕಳವು, ಬೆಂಕಿ, ಪ್ರಕೃತಿ ವಿಕೋಪಗಳಿಗೆ ಮಾತ್ರ ರಕ್ಷಣೆ ಉಳಿಸಿಕೊಳ್ಳುವ ಅಗ್ಗದ ವಿಮೆಯನ್ನು ಹಲವು ಕಂಪನಿಗಳು ನೀಡುತ್ತವೆ. ಆದರೆ ಸಾಲದಲ್ಲಿ ಕೊಂಡ ವಾಹನವಾದರೆ ಬ್ಯಾಂಕು ಇದಕ್ಕೆ ಒಪ್ಪದಿರಬಹುದು. ಪೂರ್ಣ ವಿಮೆಯನ್ನು ಮತ್ತೆ ಜಾರಿಗೊಳಿಸದೆ ರಸ್ತೆಗಿಳಿಸಿದರೆ ಅದರ ಪರಿಣಾಮ ಘೋರ. ವಾಹನದೊಳಗಿನ ವಸ್ತುಗಳಿಗೆ ಬೇರೆ ರಕ್ಷಣೆ ಇದೆಯೇ ಎಂಬುದನ್ನೂ ಕೇಳಿ ತಿಳಿಯಬೇಕು.

ಬಾಡಿಗೆ ಬಾಕಿ ಉಳಿದರೆ ಏನಾಗುತ್ತದೆ ಎಂಬುದು ಇನ್ನೂ ಮುಖ್ಯ. ಅಮೆರಿಕದ ರಾಜ್ಯಗಳ ಕಾನೂನು, ಬಾಕಿದಾರರ ಸ್ವತ್ತನ್ನು ತಡೆಹಿಡಿದು, ನಿಗದಿತ ನೋಟಿಸಿನ ಬಳಿಕ ಹರಾಜು ಹಾಕುವ ಅಥವಾ ವಾಹನವಾದರೆ ಎಳೆಸಿಹಾಕುವ ಹಕ್ಕನ್ನು ನಿಲುಗಡೆ ತಾಣಗಳಿಗೆ ನೀಡಿದೆ. ನೋಟಿಸು ಹೋಗುವುದು ಒಪ್ಪಂದದಲ್ಲಿ ನಮೂದಿಸಿದ ವಿಳಾಸಕ್ಕೆ. ಮನೆ ಬದಲಿಸಿದವರು, ಐದಾರು ತಿಂಗಳು ಭಾರತಕ್ಕೆ ಬಂದವರು, ಕ್ರೆಡಿಟ್ ಕಾರ್ಡಿನ ಅವಧಿ ಮುಗಿದುದನ್ನು ಮರೆತವರು ಈ ಬಲೆಗೆ ಬೀಳುವ ಸಾಧ್ಯತೆ ಹೆಚ್ಚು. ನೂರಿನ್ನೂರು ಡಾಲರಿನ ಬಾಕಿಗೆ ಹತ್ತಾರು ಸಾವಿರದ ವಾಹನ ಕೈತಪ್ಪಬಾರದೆಂದಾದರೆ, ವಿಳಾಸ ಮತ್ತು ಮಿಂಚಂಚೆಯನ್ನು ನವೀಕರಿಸಿ, ಸ್ಥಳೀಯ ಸ್ನೇಹಿತರೊಬ್ಬರ ಹೆಸರನ್ನು ಪರ್ಯಾಯ ಸಂಪರ್ಕವಾಗಿ ಕೊಟ್ಟಿರಬೇಕು.

ಕ್ಯಾಲಿಫೋರ್ನಿಯದಲ್ಲಿ ಇಡೀ ನೋಂದಣಿ ವರ್ಷ ವಾಹನವನ್ನು ಓಡಿಸುವುದಿಲ್ಲವೆಂದು ಮೋಟಾರು ವಾಹನ ಇಲಾಖೆಗೆ ಘೋಷಿಸಿ, ಅಲ್ಪ ಶುಲ್ಕ ತೆತ್ತು, ಪೂರ್ಣ ನೋಂದಣಿ ಶುಲ್ಕದಿಂದ ಪಾರಾಗುವ ಅವಕಾಶವಿದೆ. ಆ ಅವಧಿಯಲ್ಲಿ ವಾಹನವನ್ನು ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸುವಂತೆಯೂ ಇಲ್ಲ. ಆದರೆ ಕೆಲವು ಬಾಡಿಗೆ ತಾಣಗಳು ಚಾಲ್ತಿಯ ನೋಂದಣಿ ಮತ್ತು ವಿಮೆ ಎರಡನ್ನೂ ಕೇಳುತ್ತವೆ. ಆದುದರಿಂದ ಮೊದಲು ಅವರ ಷರತ್ತು ನೋಡಬೇಕು.

ಕಳ್ಳರಿಗೆ ಟ್ರೇಲರ್ ಸುಲಭದ ತುತ್ತು. ಟ್ರಕ್ಕಿಗೆ ಸಿಕ್ಕಿಸಿ ಎಳೆದೊಯ್ದರೆ ಮುಗಿಯಿತು. ಕೊಂಡಿಗೆ ಬೀಗ, ಚಕ್ರಕ್ಕೆ ಬೀಗ, ಮರೆಯಲ್ಲಿಟ್ಟ ಜಿಪಿಎಸ್ ಸಾಧನ ಈ ಮೂರಕ್ಕೆ ತಗಲುವ ವೆಚ್ಚ ಅಲ್ಪ. ಮೋಟಾರು ಮನೆಗಳು ನೆಲದಿಂದ ಎತ್ತರದಲ್ಲಿರುವುದರಿಂದ ಕೆಳಗೆ ನುಸುಳಿ ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಕತ್ತರಿಸಿ ಒಯ್ಯುವುದೂ ನಡೆಯುತ್ತದೆ. ಅದರೊಳಗಿನ ಪ್ಲಾಟಿನಂ ಗುಂಪಿನ ಲೋಹಗಳೇ ಕಳ್ಳರ ಗುರಿ.

ಇಟ್ಟುಕೊಳ್ಳಬೇಕೇ, ಮಾರಬೇಕೇ?

ಒಂದು ಉದಾಹರಣೆಯ ಲೆಕ್ಕ ನೋಡಬಹುದು. 28 ಅಡಿಯ ಟ್ರೇಲರೊಂದು ತಿಂಗಳಿಗೆ 120 ಡಾಲರಿನ ಬಯಲು ಅಂಗಳದಲ್ಲಿ ನಿಂತಿದೆ ಎಂದಿಟ್ಟುಕೊಂಡರೆ ವರ್ಷದ ಬಾಡಿಗೆ 1,440 ಡಾಲರ್. ವಿಮೆಗೆ 400, ಚಳಿಗಾಲದ ಸಿದ್ಧತೆ ಮತ್ತು ವಸಂತದ ತಪಾಸಣೆಗೆ 250, ಟೈರು ಮತ್ತು ಬ್ಯಾಟರಿಗಳ ವಾರ್ಷಿಕ ಪಾಲು 300 ಎಂದು ಹಿಡಿದರೆ ಒಟ್ಟು 2,390 ಡಾಲರ್. ವರ್ಷಕ್ಕೆ 20 ದಿನ ಬಳಸುವವರಿಗೆ ದಿನವೊಂದಕ್ಕೆ ಸುಮಾರು 120 ಡಾಲರ್ ಬಿತ್ತು. ಅದೇ ಟ್ರೇಲರನ್ನು ತಿಂಗಳಿಗೆ 300 ಡಾಲರಿನ ಮುಚ್ಚಿದ ಕೋಣೆಯಲ್ಲಿರಿಸಿದರೆ ಒಟ್ಟು 4,550 ಡಾಲರ್, ದಿನಕ್ಕೆ ಸುಮಾರು 228 ಡಾಲರ್. ಇಂಧನ, ಶಿಬಿರತಾಣದ ಶುಲ್ಕ, ಸಾಲದ ಬಡ್ಡಿ, ವರ್ಷದಿಂದ ವರ್ಷಕ್ಕೆ ಕುಸಿಯುವ ವಾಹನದ ಬೆಲೆ ಇದರಲ್ಲಿ ಸೇರಿಲ್ಲ.

ಇಂಥದೇ ಟ್ರೇಲರ್ ಅನೇಕ ಕಡೆ ದಿನಕ್ಕೆ 100ರಿಂದ 150 ಡಾಲರಿಗೆ ಬಾಡಿಗೆಗೆ ಸಿಗುತ್ತದೆ ಎಂಬುದನ್ನು ಗಮನಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ವರ್ಷಕ್ಕೆ ಎರಡು-ಮೂರು ವಾರ ಮಾತ್ರ ಪ್ರವಾಸ ಮಾಡುವ, ಮನೆಯಂಗಳದಲ್ಲಿ ಜಾಗವಿಲ್ಲದ ಕುಟುಂಬಕ್ಕೆ ಬಾಡಿಗೆ ವಾಹನವೇ ಹಗುರ. ನಲವತ್ತು-ಐವತ್ತು ದಿನ ಬಳಸುವವರಿಗೆ, ಅಂಗಳದಲ್ಲಿ ಪುಕ್ಕಟೆ ಜಾಗ ಇರುವವರಿಗೆ ಸ್ವಂತ ವಾಹನ ಲಾಭದಾಯಕವಾಗಬಹುದು. ಹಳೆಯ ವಾಹನದ ವಿಷಯದಲ್ಲಿ ಇನ್ನೊಂದು ಅಳತೆಗೋಲಿದೆ. ಎಂಟು ಸಾವಿರ ಡಾಲರ್ ಬಾಳುವ ಟ್ರೇಲರಿಗೆ ವರ್ಷಕ್ಕೆ ಎರಡೂವರೆ ಸಾವಿರ ಡಾಲರ್ ಸುರಿದರೆ ಮೂರು-ನಾಲ್ಕು ವರ್ಷಗಳಲ್ಲಿ ಅದರ ಬೆಲೆಯಷ್ಟೇ ಹಣ ನಿಲುಗಡೆಗೆ ಹೋಗಿರುತ್ತದೆ. ಅಷ್ಟರಲ್ಲಿ ಆ ಎಂಟು ಸಾವಿರವೂ ಉಳಿದಿರುವುದಿಲ್ಲ.

ಮಾರುವ ನಿರ್ಧಾರ ಮಾಡಿದವರಿಗೆ ವಸಂತ ಋತು ಅನುಕೂಲ. ಪ್ರವಾಸದ ಕಾಲ ಎದುರಿಗಿರುವಾಗ ಕೊಳ್ಳುವವರು ಹೆಚ್ಚು. ಶರತ್ಕಾಲದಲ್ಲಿ ಮಾರುವವರೇ ಹೆಚ್ಚಾಗಿ ಬೆಲೆ ಇಳಿಯುತ್ತದೆ, ಏಕೆಂದರೆ ಚಳಿಗಾಲದ ನಿಲುಗಡೆಯ ಖರ್ಚನ್ನು ಯಾರೂ ಹೊತ್ತುಕೊಳ್ಳಲು ಬಯಸುವುದಿಲ್ಲ. ಕೊಳ್ಳುವವರಿಗೆ ಇದರ ತಿರುವು ಲೆಕ್ಕ ಅನ್ವಯಿಸುತ್ತದೆ. ಅಗ್ಗವಾಗಿ ಸಿಕ್ಕಿತೆಂದು ಅಕ್ಟೋಬರಿನಲ್ಲಿ ಕೊಂಡವರು, ಮುಂದಿನ ಆರು ತಿಂಗಳ ಬಾಡಿಗೆಯನ್ನೂ ಬೆಲೆಗೆ ಸೇರಿಸಿ ನೋಡಬೇಕು.

ಆರ್‌ವಿ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರೇ. ಅದು ನಿಲ್ಲುವ ಜಾಗ ಗೊತ್ತಾಗಿದೆಯೇ, ಅಲ್ಲಿನ ನಿಯಮ ಮತ್ತು ಬಾಡಿಗೆ ತಿಳಿದಿದೆಯೇ, ವರ್ಷದಲ್ಲಿ ಎಷ್ಟು ದಿನ ನಿಜವಾಗಿ ಬಳಸಲು ಸಾಧ್ಯ? ಈ ಮೂರಕ್ಕೂ ಕಾಗದದ ಮೇಲೆ ಉತ್ತರ ಬರೆದುಕೊಂಡ ಕುಟುಂಬ ಮಾರಾಟದ ಅಂಗಡಿಗೆ ಹೋದರೆ, ಚಕ್ರದ ಮೇಲಿನ ಮನೆ ಬಿಳಿಯಾನೆಯಾಗುವ ಸಂಭವ ಕಡಿಮೆ.